ರೈಟರ್

ಫೋಟೋ ಅಚ್ಚಾದ ಮುಂದಿನ ವಾರ
ಆಲ್ದೂರು ಸಂತೆಯ ಒಣಮೀನು ಸುತ್ತಿಕೊಂಡು
ನಾನೇ ನಮ್ಮನೆಗೆ ಬಂದೆ.
ಅವ್ವ ಹಾಳೆ ಕೊಡವಿ, ಬೆಳಕಿಗೆ ಹಿಡಿದು
'ಇದು ನೀನಲ್ವೇನೇ? ಕೆಳಗೇನು ಬರ್ದವ್ರೆ?' ಅಂದಳು.
ಬರೆದಿದ್ದು ಕವಯಿತ್ರಿ ಅಂತ.
ಆ ಮಾತು ನಮ್ಮ ಲೈನ್ ಮನೆಗೆ ಎತ್ತರ ಜಾಸ್ತಿ,
ಒಳಗೆ ತಂದರೆ ತೊಲೆಗೆ ತಲೆ ಬಡಿಯುತ್ತೆ.
'ರೈಟರ್ ಅಂತವ್ವ' ಅಂದೆ.

ಮೀನು ಆಯುತ್ತಿದ್ದ ಕೈ ನಿಂತಿತು.
'ಯಾವ ತೋಟಕ್ಕೆ?'

ನನಗೆ ಗೊತ್ತಿರಬೇಕಿತ್ತು.
ಕಡ್ಲೆಮಕ್ಕಿ ಎಸ್ಟೇಟಿನಲ್ಲಿ ರೈಟರ್ ಅಂದರೆ ಶೇಷಪ್ಪ.
ಕಿವಿಯ ಮೇಲೊಂದು ಕಾಪಿ ಪೆನ್ಸಿಲ್,
ಬರೆಯುವ ಮುಂಚೆ ಅದರ ಮೂತಿ ನೆಕ್ಕಿ ನೆಕ್ಕಿ
ನೇರಳೆಗೆ ತಿರುಗಿದ ನಾಲಿಗೆ.
ಏಳೂಮುಕ್ಕಾಲಿಗೆ ಕಣದ ಕಟ್ಟೆ ಮೇಲೆ ಚೆಕ್‌ರೋಲ್ ಬಿಚ್ಚಿದ ಅಂದರೆ
ಆಮೇಲೆ ಓಡಿ ಬಂದವಳು ಇದ್ದೂ ಇಲ್ಲದವಳು.
ಬಸಿರಿ ಹೂವಿ ಮರದಡಿ ಒಂದು ಗಳಿಗೆ ಕೂತದ್ದು ಕಂಡು
ಅವಳ ಹಾಜರಿಯ ಮೇಲೊಂದು ಅಡ್ಡಗೀಟು ಎಳೆದ.
ಕೂಗಲಿಲ್ಲ, ಬೈಯಲಿಲ್ಲ.
ಶನಿವಾರ ಬಟವಾಡೆ ಕೈಗೆ ಬಂದಾಗಲೇ ಗೊತ್ತಾಗಿದ್ದು
ಒಂದು ಗೀಟಿಗೆ ಎಷ್ಟು ಸೇರು ಅಕ್ಕಿ ಅಂತ.

'ಅಲ್ಲವ್ವ, ತೋಟದ ರೈಟರ್ ಅಲ್ಲ.'
'ಮತ್ತೆ ಸ್ಟೇಷನ್ದಾ?'
ದನಿ ಇಳಿಯಿತು. ಪಕ್ಕದ ಮನೆಗೆ ಕೇಳೀತು ಅನ್ನುವ ಹಾಗೆ.

ಅದೂ ಗೊತ್ತಿರಬೇಕಿತ್ತು.
ಮರಗಸಿಗೆ ಹತ್ತಿದ ಸಣ್ಣಮಾವ
ಸಿಲ್ವರ್ ಮರದಿಂದ ಬಿದ್ದ ಸಂಜೆ
ಠಾಣೆಯಲ್ಲಿ ಸಾಹೇಬರಿರಲಿಲ್ಲ, ರೈಟರ್ ಇದ್ದ.
ಒಳ್ಳೆಯವನೇ. ಬೆಂಚು ತೋರಿಸಿದ, ನೀರು ಕೊಡಿಸಿದ,
ಹೇಳಿದ್ದನ್ನೆಲ್ಲ ತಲೆಯಾಡಿಸಿ ಕೇಳಿದ,
ಆಮೇಲೆ ಕಾರ್ಬನ್ ಇಟ್ಟು ಬರೆದ:
ಕುಡಿದ ಅಮಲಿನಲ್ಲಿ ಕಾಲು ಜಾರಿ.
ತೋಟದಲ್ಲೇ ಹುಟ್ಟಿ ಕಾಫಿಯನ್ನೂ ಕುಡಿಯದ ಮಾವ
ಒಂದೇ ಏಟಿಗೆ ಮೂರು ಪ್ರತಿಯಲ್ಲಿ ಕುಡಿದ.
ಅವ್ವ ಹೆಬ್ಬೆಟ್ಟು ಒತ್ತಿದಳು.
ಟ್ರಂಕಿನ ತಳದ ಆ ಮಡಿಕೆ ಬಿಚ್ಚಿ
ಅವಳಿಗೆ ಓದಿ ಹೇಳಿದ್ದು ನಾನು,
ಎಂಟು ವರ್ಷದ ಮೇಲೆ.

'ಪದ್ಯ ಬರೀತೀನವ್ವ. ಪದ್ಯದ ರೈಟರ್.'
'ಎಷ್ಟು ಬರ್ದಿದೀಯ?'
'ಹದಿನೆಂಟು ಲೈನು.'
ಅವಳು ಬಾಗಿಲಾಚೆ ನೋಡಿದಳು.
ನಮ್ಮ ಲೈನಿಗೆ ಎಂಟು ಬಾಗಿಲು, ಒಂದೇ ನಲ್ಲಿ,
ಯಾರ ಒಲೆಯದೆಂದು ಹೇಳಲಾಗದ ಹೊಗೆ.
ಬುಟ್ಟಿ ಲೆಕ್ಕದಲ್ಲಿ ಎಂದೂ ತಪ್ಪದವಳು
ಬೆರಳ ಗೆಣ್ಣು ಮುಟ್ಟಿ ಮುಟ್ಟಿ ಎಣಿಸಿದಳು.
'ನೂರಾ ನಲವತ್ನಾಲ್ಕು ಸಂಸಾರ ಆಯ್ತಲ್ಲೇ!
ಯಾರ್ಯಾರು ಅವ್ರೆ?'

ನನ್ನ ಹದಿನೆಂಟು ಲೈನಿನಲ್ಲಿ
ಮಂಜಿತ್ತು. ಒಂದು ಹಕ್ಕಿ ಇತ್ತು.
ಮೌನ ಅನ್ನೋದು ಎರಡು ಸಲ ಇತ್ತು.
ಮನುಷ್ಯರ ಪೈಕಿ ನಾನೊಬ್ಬಳೇ.
ಹೇಳಲಿಲ್ಲ.

ಮೀನಿನ ತಲೆ ಮುರಿಯುತ್ತಾ ಅವಳೇ ಶುರು ಮಾಡಿದಳು.
ಹೂವಿನ ಬರ್ಕೋ, ಅವಳ ಅರ್ಧ ದಿನ ಇನ್ನೂ ಬಾಕಿ ಐತೆ.
ಸಣ್ಣಮಾವನ್ನ ಬರ್ಕೋ, ಕುಡೀತಿರಲಿಲ್ಲ ಅಂತ್ಲೂ ಬರ್ಕೋ.
ಸೇಲಂ ಕಡೆಯ ಪೊನ್ನಮ್ಮಾಳ್. ಘಟ್ಟ ಹತ್ತಿ ಬಂದ ಚೋಮು.
ಜವನಿ. ಜವನಿ ಮಗು,
ಹೆಸರಿಡೋಕೆ ಮುಂಚೇನೇ ಹೋಯ್ತು,
ಮಗು ಅಂತ್ಲೇ ಬರ್ಕೋ, ಪೂರ್ತಿ ಹಾಜರಿ ಹಾಕು.
ಶೇಷಪ್ಪನ್ನ...
ಸ್ವಲ್ಪ ತಡೆದಳು.
ಬರ್ಕೋ. ಅವನಿಗೂ ಸಾಹುಕಾರ್ರು ಸರಿಯಾಗಿ ಕೊಡ್ತಿರಲಿಲ್ಲ.

ಗೂಡಿನಲ್ಲಿ ತಡಕಾಡಿದೆ. ಪೆನ್ನಿಲ್ಲ.
ಸಿಕ್ಕಿದ್ದು ತಮ್ಮನ ಬಣ್ಣದ ಪೆನ್ಸಿಲ್ಲಿನ ಮೋಟು,
ಮೀನಿನೆಣ್ಣೆ ಹೀರಿದ ಹಾಳೆಯ ಅಂಚಿನಲ್ಲಿ
ಎಷ್ಟು ಒತ್ತಿದರೂ ಮೂಡಲೊಲ್ಲದು.
ಯೋಚಿಸದೆ ಅದರ ಮೂತಿ ನೆಕ್ಕಿದೆ.

ಅವ್ವ ತಲೆಯೆತ್ತಿ
ನನ್ನ ನಾಲಿಗೆ ನೋಡಿದಳು.